ಅನ್ನಪತಿ ಸುಯ್ಯ

ಸಾಹಿತ್ಯಶಾಸ್ತ್ರದ ಪರಿಚಯವಿರುವವರಿಗೆ ಕಾಶ್ಮೀರದ ಅವಂತಿವರ್ಮನ ಹೆಸರು ಹೊಸದಲ್ಲ. ಕ್ರಿ.ಶ. 855ರ ಸುಮಾರಿನಲ್ಲಿ ಪಟ್ಟಕ್ಕೆ ಬಂದು 883ರಲ್ಲಿ ತೀರಿಕೊಂಡ ಈ ಅರಸನ ಕಾಲದಲ್ಲಿಯೇ ಆನಂದವರ್ಧನನು ಧ್ವನಿತತ್ತ್ವವನ್ನು ಪ್ರತಿಪಾದಿಸಿದನು. ರತ್ನಾಕರ, ಶಿವಸ್ವಾಮಿ, ಮುಕ್ತಾಕಣರು ಕೀರ್ತಿಯನ್ನು ಪಡೆದರು. ಅದೇ ದಶಕಗಳಲ್ಲಿ ಇತ್ತ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದನು. ಅವನ ಸಭೆಯ ಕವಿರಾಜಮಾರ್ಗವು ಕನ್ನಡ ನಾಡಿನ ಎಲ್ಲೆಯನ್ನು ಎರಡು ಹೊಳೆಗಳಿಂದ ಗುರುತಿಸಿತು. ಹೀಗೆ ಆ ಶತಮಾನವನ್ನು ನಾವು ಕಾವ್ಯದ ಶತಮಾನವೆಂದೇ ಪಾಠ ಹೇಳುತ್ತೇವೆ, ಪಾಠ ಕೇಳುತ್ತೇವೆ. ಆದರೆ ಅವಂತಿವರ್ಮನ ರಾಜ್ಯದಲ್ಲಿ ಇನ್ನೊಬ್ಬನಿದ್ದನು. ಅವನು ಕವಿಯಲ್ಲ, ಶಾಸ್ತ್ರಕಾರನಲ್ಲ, ಸೇನಾಪತಿಯೂ ಅಲ್ಲ; ಯಾರದೋ ಮನೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದ ಉಪಾಧ್ಯಾಯ. ಹೆಸರು ಸುಯ್ಯ. ನೆರೆಯಲ್ಲಿ ಮುಳುಗಿ ಹಸಿವಿನಿಂದ ಸಾಯುತ್ತಿದ್ದ ಒಂದು ಕಣಿವೆಗೆ ನೆಲವನ್ನೂ ಅನ್ನವನ್ನೂ ಮರಳಿ ಕೊಟ್ಟವನು ಅವನು. ನಮ್ಮ ಹಳಗನ್ನಡದಲ್ಲಿ ಸುಯ್ ಎಂದರೆ ಉಸಿರು, ನಿಟ್ಟುಸಿರು. ಕಾಶ್ಮೀರದ ರೈತನ ಪಾಲಿಗೆ ಈ ಹೆಸರು ಎರಡೂ ಅರ್ಥದಲ್ಲಿ ಸಲ್ಲುತ್ತದೆಂದು ನನಗೆ ಎಷ್ಟೋ ಬಾರಿ ಅನಿಸಿದೆ.

ಸುಯ್ಯನ ಜೀವನಕ್ಕೆ ಆಧಾರ ಕಲ್ಹಣನ ರಾಜತರಂಗಿಣಿ. ಅದರ ಐದನೆಯ ತರಂಗದಲ್ಲಿ ಅವನ ಕಥೆ ಬರುತ್ತದೆ. ಕಲ್ಹಣನು ಬರೆದದ್ದು 1148ರಿಂದ 1150ರ ನಡುವೆ. ಸುಯ್ಯನ ಕಾಲಕ್ಕೂ ಅವನಿಗೂ ಎರಡೂವರೆ ಶತಮಾನಕ್ಕಿಂತ ಹೆಚ್ಚಿನ ಅಂತರವಿದೆ. ಆದರೂ ಅವನು ಕೇಳಿದ್ದನ್ನು ಮಾತ್ರ ಬರೆದವನಲ್ಲ. ಶಾಸನಗಳನ್ನು ಓದಿದವನು, ನಾಡನ್ನು ನೋಡಿದವನು. 1900ರಲ್ಲಿ ಈ ಗ್ರಂಥದ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ ಆರೆಲ್ ಸ್ಟೈನ್ ಪಂಡಿತನು ಆ ಸ್ಥಳಗಳಲ್ಲಿ ತಾನೇ ನಡೆದಾಡಿ, ಕಲ್ಹಣನ ಹೆಸರುಗಳನ್ನು ಇಂದಿನ ಊರುಗಳೊಡನೆ ಹೊಂದಿಸಿ ತೋರಿಸಿದನು. ಮುಂದೆ ನಾನು ಹೇಳುವ ಸಂಗತಿಗಳು ಇವರಿಬ್ಬರವು. ನನ್ನ ಊಹೆ ಎಲ್ಲಿ ಬರುವುದೋ ಅಲ್ಲಿ ಅದನ್ನು ಊಹೆಯೆಂದೇ ಹೇಳುತ್ತೇನೆ.

ಮೊದಲು ನೆಲದ ಸ್ವರೂಪವನ್ನು ತಿಳಿಯಬೇಕು. ಕಾಶ್ಮೀರದ ಕಣಿವೆ ಬೆಟ್ಟಗಳ ನಡುವೆ ಇಟ್ಟ ಒಂದು ಬೋಗುಣಿಯಂತಿದೆ. ವಿತಸ್ತಾ, ಎಂದರೆ ಇಂದಿನ ಝೇಲಂ, ದಕ್ಷಿಣದ ತುದಿಯಲ್ಲಿ ಹುಟ್ಟಿ, ವಾಯವ್ಯಕ್ಕೆ ಮೆಲ್ಲನೆ ಹರಿದು, ಶ್ರೀನಗರವನ್ನು ಹಾಯ್ದು, ವುಲರ್ ಸರೋವರವನ್ನು ಸೇರುತ್ತದೆ. ಈ ಸರೋವರವನ್ನೇ ಪ್ರಾಚೀನರು ಮಹಾಪದ್ಮಸರಸ್ಸು ಎಂದು ಕರೆದರು. ಅಲ್ಲಿಂದ ಹೊರಟ ಹೊಳೆ ಬಾರಾಮುಲ್ಲಾದ ಬಳಿ, ಹಿಂದಿನ ವರಾಹಮೂಲದಲ್ಲಿ, ಒಂದು ಇಕ್ಕಟ್ಟಾದ ಕಮರಿಯನ್ನು ಹೊಕ್ಕು ಹೊರಗೆ ಬೀಳುತ್ತದೆ. ಇಡೀ ಕಣಿವೆಯ ನೀರಿಗೆ ಇರುವ ಬಾಗಿಲು ಇದೊಂದೇ. ಮೇಲಿನ ಹರಿವಿನಲ್ಲಿ ನೆಲದ ಇಳಿಜಾರು ಬಹಳ ಕಡಿಮೆ; ಹೊಳೆ ತೆವಳಿಕೊಂಡು ಹೋಗುತ್ತದೆ. ಬೆಟ್ಟದ ಬಂಡೆಗಳು ಉರುಳಿ ಈ ಒಂದು ಬಾಗಿಲು ಮುಚ್ಚಿದರೆ ನೀರು ಹಿಂದಕ್ಕೆ ನಿಲ್ಲುತ್ತದೆ, ಸರೋವರ ಉಬ್ಬುತ್ತದೆ, ಹಳ್ಳಿಗಳ ಗದ್ದೆ ಜೌಗಾಗುತ್ತದೆ. ಈ ಕಣಿವೆ ಹಿಂದೆ ಸತೀಸರಸ್ಸೆಂಬ ದೊಡ್ಡ ಸರೋವರವಾಗಿತ್ತು, ಕಶ್ಯಪನ ತಪಸ್ಸಿನ ಫಲವಾಗಿ ದೇವತೆಗಳು ಬೆಟ್ಟವನ್ನು ಸೀಳಿ ಅದನ್ನು ಬರಿದು ಮಾಡಿದರು ಎಂಬ ಪುರಾಣಕಥೆ ಸುಮ್ಮನೆ ಹುಟ್ಟಿದ್ದಲ್ಲ. ನೆಲವೆಂಬುದು ನೀರಿನಿಂದ ಕಷ್ಟಪಟ್ಟು ಪಡೆದ ವಸ್ತು ಎಂಬ ಅರಿವು ಆ ಜನರ ಮನಸ್ಸಿನ ತಳದಲ್ಲಿತ್ತು.

8ನೆಯ ಶತಮಾನದಲ್ಲಿ ಲಲಿತಾದಿತ್ಯನು ಸ್ವಲ್ಪಮಟ್ಟಿಗೆ ನೀರನ್ನು ಬಸಿದು, ಚಕ್ರಧರವೆಂಬಲ್ಲಿ ಸಾಲುಸಾಲು ಏತಚಕ್ರಗಳನ್ನು ಹೂಡಿ ಹಳ್ಳಿಗಳಿಗೆ ನೀರೊದಗಿಸಿದ್ದನು. ಅವನ ಅನಂತರದ ಅರಸರು ದುರ್ಬಲರು. ನೋಡಿಕೊಳ್ಳುವವರಿಲ್ಲದೆ ಹೊಳೆ ಮತ್ತೆ ತನ್ನ ದಾರಿ ಹಿಡಿಯಿತು. ಬೆಲೆಯ ಲೆಕ್ಕವನ್ನು ಕಲ್ಹಣನು ಕೊಟ್ಟಿದ್ದಾನೆ: ಒಂದು ಖಾರಿ ಅಕ್ಕಿಗೆ ಸುಭಿಕ್ಷದ ಕಾಲದಲ್ಲಿಯೇ 200 ದೀನ್ನಾರ; ಈ ಕ್ಷಾಮದಲ್ಲಿ 1050. ಖಾರಿಯೆಂಬುದು ನಮ್ಮ ಖಂಡುಗದಂತೆ ಧಾನ್ಯದ ಅಳತೆ, ಈಗಿನ ತೂಕದಲ್ಲಿ ಸುಮಾರು 80 ಕಿಲೋ. ದೀನ್ನಾರವೆಂದರೆ ಚಿನ್ನದ ನಾಣ್ಯವೆಂದು ಭ್ರಮಿಸಬೇಕಾಗಿಲ್ಲ. ಕಾಶ್ಮೀರದ ಲೆಕ್ಕದಲ್ಲಿ ಅದು ಸಣ್ಣ ಹಣ. ಹಾಗಿದ್ದರೂ ಐದು ಪಟ್ಟು ಏರಿದ ಅಕ್ಕಿಯನ್ನು ಗದ್ದೆ ಕಳೆದುಕೊಂಡ ರೈತನು ಕೊಳ್ಳುವ ಬಗೆ ಯಾವುದು?

ಇಂಥ ನಾಡಿನಲ್ಲಿ ಒಂದು ದಿನ ಬೀದಿ ಗುಡಿಸುತ್ತಿದ್ದ ಸುಯ್ಯಾ ಎಂಬ ಚಂಡಾಲ ಹೆಂಗಸಿಗೆ ಕಸದ ರಾಶಿಯಲ್ಲಿ ಮುಚ್ಚಳವಿದ್ದ ಒಂದು ಹೊಸ ಮಡಕೆ ಸಿಕ್ಕಿತು. ಮುಚ್ಚಳ ತೆರೆದರೆ ಒಳಗೆ ಬೆರಳು ಚೀಪುತ್ತ ಮಲಗಿದ್ದ ಶಿಶು. ಯಾವಳೋ ನಿರ್ಭಾಗ್ಯೆ ಹೀಗೆ ಬಿಟ್ಟುಹೋಗಿರಬೇಕೆಂದು ನೆನೆಯುತ್ತಿದ್ದಂತೆಯೇ ಕರುಣೆಯಿಂದ ಆಕೆಯ ಎದೆಯಲ್ಲಿ ಹಾಲೂರಿತೆಂದು ಕಲ್ಹಣನು ಬರೆಯುತ್ತಾನೆ. ಆದರೆ ಆಕೆ ಆ ಹಾಲನ್ನು ಕೊಡಲಿಲ್ಲ. ತನ್ನ ಮುಟ್ಟುವಿಕೆಯಿಂದ ಮಗುವಿಗೆ ಮೈಲಿಗೆಯಾಗಬಾರದೆಂದು ಅದನ್ನು ಒಬ್ಬ ಶೂದ್ರ ದಾದಿಯ ಮನೆಯಲ್ಲಿರಿಸಿ, ತಾನು ದೂರ ನಿಂತು ಬೆಳೆಸಿದಳು. ಈ ಮಾತನ್ನು ಕಲ್ಹಣನು ಆಕೆಯ ವಿವೇಕವೆಂಬಂತೆ ಹೇಳಿ ಮುಂದೆ ಹೋಗುತ್ತಾನೆ. ಇಂದು ಓದುವ ನಾವು ಹಾಗೆ ಮುಂದೆ ಹೋಗಲಾರೆವು. ತಾನು ಎತ್ತಿ ಬದುಕಿಸಿದ ಕೂಸನ್ನು ಮುಟ್ಟದೆ ಸಾಕಿದ ಆ ತಾಯಿಯ ಸಂಕಟಕ್ಕೆ ರಾಜತರಂಗಿಣಿಯ ಎಂಟು ತರಂಗಗಳಲ್ಲಿ ಎಲ್ಲಿಯೂ ಎಡೆಯಿಲ್ಲ. ಮಗುವಿಗೆ ಉಳಿದದ್ದು ಆಕೆಯ ಹೆಸರು ಮಾತ್ರ.

ಹುಡುಗ ಬುದ್ಧಿವಂತನಾಗಿ ಬೆಳೆದು, ವಿದ್ಯೆ ಕಲಿತು, ಒಬ್ಬ ಗೃಹಸ್ಥನ ಮನೆಯಲ್ಲಿ ಮಕ್ಕಳ ಉಪಾಧ್ಯಾಯನಾದನು. ವ್ರತನಿಯಮಗಳಿಂದಲೂ ನಡತೆಯಿಂದಲೂ ಸಜ್ಜನರಿಗೆ ಬೇಕಾದವನಾದನು. ಅವನ ಸುತ್ತ ಸೇರುತ್ತಿದ್ದವರು ನೆರೆಯ ಹಾವಳಿಯನ್ನು ಹೇಳಿಕೊಂಡು ಹಲುಬಿದಾಗಲೆಲ್ಲ ಅವನು ಒಂದೇ ಮಾತನ್ನು ಆಡುತ್ತಿದ್ದನಂತೆ: ಇದಕ್ಕೆ ಉಪಾಯ ತನಗೆ ತಿಳಿದಿದೆ, ಆದರೆ ಸಾಧನವಿಲ್ಲದವನು ಏನು ಮಾಡಬಲ್ಲನು ಎಂದು. ಹುಚ್ಚನಂತೆ ಅದನ್ನೇ ಆಡುತ್ತಿದ್ದ ಅವನ ಸುದ್ದಿಯನ್ನು ಗೂಢಚಾರರು ಅರಸನಿಗೆ ಮುಟ್ಟಿಸಿದರು. ಅವಂತಿವರ್ಮನು ಕರೆಸಿ ಕೇಳಿದನು. ಸುಯ್ಯನು ಅಳುಕದೆ ಅದನ್ನೇ ಹೇಳಿದನು. ಸಭಿಕರಿಗೆ ಇವನಿಗೆ ಬುದ್ಧಿ ಕೆಟ್ಟಿದೆಯೆಂದು ತೋರಿತು. ಅರಸನು ಮಾತ್ರ ಅವನ ಬುದ್ಧಿಯನ್ನು ಪರೀಕ್ಷಿಸಬೇಕೆಂದು ಬೊಕ್ಕಸವನ್ನೇ ಅವನ ಕೈಗೆ ಬಿಟ್ಟನು. ಕಸದ ರಾಶಿಯಲ್ಲಿ ಸಿಕ್ಕವನ ಮಾತಿಗೆ ಕಿವಿಗೊಟ್ಟದ್ದು ಅವಂತಿವರ್ಮನ ದೊಡ್ಡತನ; ಅವನು ಅವಂತಿಪುರದಲ್ಲಿ ಕಟ್ಟಿಸಿದ ದೇವಾಲಯಗಳು ಪಾಳಾದರೂ ಇದೊಂದು ನಿಲ್ಲುತ್ತದೆ.

ಮುಂದೆ ಬರುವುದು ಈ ಕಥೆಯಲ್ಲಿ ಎಲ್ಲರೂ ಬಲ್ಲ ಭಾಗ. ಸುಯ್ಯನು ದೀನ್ನಾರ ತುಂಬಿದ ಕೊಡಗಳನ್ನು ದೋಣಿಗೆ ಹೇರಿಸಿಕೊಂಡು ಹೊರಟನು. ಮೇಲಿನ ಸೀಮೆಯಾದ ಮಡವರಾಜ್ಯದಲ್ಲಿ ನೀರಿನಲ್ಲಿ ಮುಳುಗಿದ್ದ ನಂದಕವೆಂಬ ಹಳ್ಳಿಯಲ್ಲಿ ಒಂದು ಕೊಡವನ್ನು ಎಸೆದು ಬೇಗನೆ ಹಿಂದಿರುಗಿದನು. ಬಳಿಕ ಕೆಳಗಿನ ಸೀಮೆಯಾದ ಕ್ರಮರಾಜ್ಯಕ್ಕೆ ಹೋಗಿ, ಯಕ್ಷದರವೆಂಬಲ್ಲಿ ಎರಡು ಕೈಗಳಿಂದಲೂ ಹಣವನ್ನು ಹೊಳೆಗೆ ತೂರಿದನು. ಯಕ್ಷದರವು ಬಾರಾಮುಲ್ಲಾದ ಕೆಳಗೆ, ಎರಡು ದಡದ ಬೆಟ್ಟಗಳಿಂದ ಬಂಡೆಗಳು ಉರುಳಿಬಿದ್ದು ಹೊಳೆಯ ಕೊರಳನ್ನು ಹಿಸುಕಿದ್ದ ಜಾಗ. ಸಭೆಯಲ್ಲಿ ನಕ್ಕರು. ಆದರೆ ಹಸಿದ ಹಳ್ಳಿಗರು ನೀರಿಗಿಳಿದರು. ಹಣವನ್ನು ಹುಡುಕುತ್ತ ಬಂಡೆಗಳನ್ನು ಒಂದೊಂದಾಗಿ ಎಳೆದು ದಡಕ್ಕೆ ಹಾಕಿದರು. ಹೊಳೆಯ ದಾರಿ ತೆರೆಯಿತು. ಎರಡು ಮೂರು ದಿನ ನೀರು ಬಸಿದ ಮೇಲೆ ಸುಯ್ಯನು ಕೆಲಸಗಾರರನ್ನು ಹಚ್ಚಿ, ಕಲ್ಲಿನ ಒಡ್ಡು ಹಾಕಿ, ಇಡೀ ವಿತಸ್ತೆಯನ್ನು ಏಳು ದಿನ ತಡೆದು ನಿಲ್ಲಿಸಿದನು. ಅಷ್ಟರಲ್ಲಿ ಹೊಳೆಯ ತಳದ ಹೂಳೆತ್ತಿಸಿ, ಮತ್ತೆ ಬಂಡೆಗಳು ಉರುಳಿ ಬೀಳದಂತೆ ಪಕ್ಕದಲ್ಲಿ ಕಲ್ಲುಗೋಡೆಗಳನ್ನು ಕಟ್ಟಿಸಿ, ಒಡ್ಡನ್ನು ಒಡೆಸಿದನು. ಬಹುಕಾಲ ತಡೆಹಿಡಿದಿದ್ದ ನೀರು ಸಮುದ್ರವನ್ನು ಕಾಣುವ ಆತುರದಿಂದೆಂಬಂತೆ ಧಾವಿಸಿತು. ಹಿಂದೆ ಉಳಿದದ್ದು ಕೆಸರು, ಮಿಲಮಿಲನೆ ಒದ್ದಾಡುವ ಮೀನು, ಮತ್ತು ನೆಲ.

ಈ ಹಣ ಎಸೆದ ಕಥೆಯನ್ನು ಜಾಣತನದ ಚಮತ್ಕಾರವೆಂದು ಹೇಳಿ ನಗುವುದುಂಟು. ನನಗೆ ಅದು ಅಷ್ಟೇ ಎಂದು ತೋರುವುದಿಲ್ಲ. ಮೊದಲನೆಯದಾಗಿ, ಗದ್ದೆ ಮುಳುಗಿದ್ದು ಮೇಲೆ. ಸುಯ್ಯನು ಕೈಹಚ್ಚಿದ್ದು ಕೆಳಗೆ. ರೋಗದ ನೋವು ಒಂದೆಡೆ, ಮೂಲ ಇನ್ನೊಂದೆಡೆ ಎಂಬುದನ್ನು ಅವನು ಕಂಡಿದ್ದನು. ನಂದಕದಲ್ಲಿ ಎಸೆದ ಮೊದಲ ಕೊಡವು, ನನ್ನ ಊಹೆಯಲ್ಲಿ, ಸುದ್ದಿಯನ್ನು ಹಬ್ಬಿಸುವುದಕ್ಕಾಗಿ. ಎರಡನೆಯದಾಗಿ, ಆ ಹಣ ಹೋದದ್ದು ಯಾರ ಕೈಗೆ? ಅಧಿಕಾರಿಗಳ ಮೂಲಕ ಹೋಗಿದ್ದರೆ ಅದು ಬಂಡೆಯವರೆಗೆ ತಲುಪುತ್ತಿದ್ದಿತೋ ಇಲ್ಲವೋ. ಕಾಶ್ಮೀರದ ಕಾಯಸ್ಥ ಅಧಿಕಾರಿಗಳ ಹಣದ ಹಸಿವನ್ನು ಕಲ್ಹಣನು ತನ್ನ ಗ್ರಂಥದುದ್ದಕ್ಕೂ ಬಯ್ದಿದ್ದಾನೆ. ನೀರಿಗೆ ಬಿದ್ದ ಹಣ ನೀರಿಗಿಳಿದವನಿಗೆ ಮಾತ್ರ ಸಿಕ್ಕಿತು. ಅದು ಕೂಲಿಯೂ ಆಯಿತು, ಅನ್ನವೂ ಆಯಿತು. ನಮ್ಮ ಬಯಲುಸೀಮೆಯಲ್ಲಿ ಬರಗಾಲದ ಕಾಮಗಾರಿಯಲ್ಲಿ ಕಲ್ಲೊಡೆದು, ಕೆರೆಯ ಹೂಳೆತ್ತಿ ಹೊಟ್ಟೆ ಹೊರೆದವರನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಉಪಾಯ ಸುಯ್ಯನದು, ಬೊಕ್ಕಸ ಅರಸನದು, ಬಂಡೆ ಎತ್ತಿದ ಕೈಗಳು ಮಾತ್ರ ಊರವರವು. ಜನರು ತಮ್ಮ ಹೊಳೆಯನ್ನು ತಾವೇ ಬಿಡಿಸಿಕೊಂಡರು. ಕಲ್ಹಣನು ಅವರಲ್ಲಿ ಒಬ್ಬನ ಹೆಸರನ್ನೂ ಹೇಳುವುದಿಲ್ಲ.

ಬಾಗಿಲು ತೆರೆದ ಮೇಲೆ ಮನೆಯೊಳಗಿನ ಕೆಲಸ. ಎಲ್ಲೆಲ್ಲಿ ದಡ ಒಡೆದು ನೀರು ನುಗ್ಗುವುದೆಂದು ಕಂಡನೋ ಅಲ್ಲೆಲ್ಲ ಸುಯ್ಯನು ಹೊಳೆಗೆ ಹೊಸ ಪಾತ್ರವನ್ನು ತೋಡಿಸಿದನು. ಸಿಂಧು ಮತ್ತು ವಿತಸ್ತೆಗಳ ಸಂಗಮವನ್ನೇ ಬೇರೆ ಕಡೆಗೆ ಸರಿಸಿದನು. ಈ ಸಿಂಧು ಪಂಜಾಬಿನ ಮಹಾನದಿಯಲ್ಲ, ಕಾಶ್ಮೀರದೊಳಗಿನ ಒಂದು ಉಪನದಿ. ಹಳೆಯ ಪಾತ್ರದ ದಡದಲ್ಲಿದ್ದ ಮುದಿ ಮರಗಳ ಮೇಲೆ ಅಂಬಿಗರು ದೋಣಿ ಕಟ್ಟಿದ ಹಗ್ಗದ ಗುರುತು ತನ್ನ ಕಾಲದಲ್ಲಿಯೂ ಕಾಣುತ್ತಿತ್ತೆಂದು ಕಲ್ಹಣನು ಹೇಳುತ್ತಾನೆ. ಇಂಥ ಒಂದು ವಿವರ ಇಡೀ ಕಥೆಗೆ ನಂಬುಗೆಯನ್ನು ತಂದುಕೊಡುತ್ತದೆ. ವಿತಸ್ತೆಯ ಉದ್ದಕ್ಕೂ ಏಳು ಯೋಜನ ಕಲ್ಲಿನ ಏರಿ ಹಾಕಿಸಿ, ಮಹಾಪದ್ಮಸರಸ್ಸಿನ ನೀರನ್ನು ಹದ್ದಿನಲ್ಲಿಟ್ಟನು. ನೀರಿನಿಂದ ಎದ್ದ ನೆಲದಲ್ಲಿ ಹೊಸ ಹಳ್ಳಿಗಳನ್ನು ನೆಲೆಗೊಳಿಸಿ, ಒಂದೊಂದರ ಸುತ್ತಲೂ ದುಂಡನೆಯ ಒಡ್ಡು ಕಟ್ಟಿಸಿದನು. ನೋಡುವುದಕ್ಕೆ ಕುಂಡದಂತಿದ್ದುದರಿಂದ ಜನ ಅವನ್ನು ಕುಂಡಲಗಳೆಂದು ಕರೆದರು. ಮರಕುಂಡಲದಂಥ ಊರಹೆಸರಿನಲ್ಲಿ ಆ ಮಾತು ಇಂದಿಗೂ ಉಳಿದಿದೆ. ಒಂದು ಕುಂಡಲದ ಒಡ್ಡು ಒಬ್ಬ ರೈತನ ಹೊಲವನ್ನು ಕಾಯುವುದಲ್ಲ, ಊರನ್ನೆಲ್ಲ ಕಾಯುವುದು. ಒಂದು ಕಡೆ ಬಿರುಕು ಬಿಟ್ಟರೆ ಮುಳುಗುವುದೂ ಊರೆಲ್ಲ. ಅಂಥ ಒಡ್ಡನ್ನು ಊರವರು ಕೂಡಿಯೇ ಕಾಯಬೇಕು.

ಸುಯ್ಯನ ಕೆಲಸಗಳಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಬಂಡೆಯ ಕೆಲಸವಲ್ಲ, ಮಣ್ಣಿನ ಪರೀಕ್ಷೆ. ನೆರೆಯನ್ನು ತಡೆದರೆ ಸಾಲದು, ಬತ್ತಕ್ಕೆ ಹೊತ್ತಿಗೆ ಸರಿಯಾಗಿ ನೀರು ಬೇಕು. ಮಳೆಯನ್ನೇ ನೆಚ್ಚದೆ ಬೆಳೆ ತೆಗೆಯುವಂತೆ ಅವನು ಬೆಟ್ಟದ ತೊರೆಗಳಿಂದ ಕಾಲುವೆಗಳನ್ನು ತಂದನು. ಆದರೆ ಯಾವ ಊರಿಗೆ ಎಷ್ಟು ನೀರು? ಅದನ್ನು ಅರಮನೆಯಲ್ಲಿ ಕುಳಿತು ನಿರ್ಣಯಿಸಲಿಲ್ಲ. ಪ್ರತಿಯೊಂದು ಊರಿನಿಂದಲೂ ಮಣ್ಣನ್ನು ತರಿಸಿ, ಅದಕ್ಕೆ ನೀರು ಹಾಕಿ, ಯಾವ ಮಣ್ಣು ಎಷ್ಟು ಹೊತ್ತಿಗೆ ಒಣಗುವುದೆಂದು ನೋಡಿದನು. ಜೇಡಿಮಣ್ಣು ನೀರನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಮರಳು ಬೆರೆತ ಮಣ್ಣು ಬೇಗ ಬಿಟ್ಟುಕೊಡುತ್ತದೆ. ಆ ಲೆಕ್ಕದಿಂದ ಎಷ್ಟು ದಿನಕ್ಕೊಮ್ಮೆ ನೀರು ಬಿಡಬೇಕು, ಕಾಲುವೆಯ ಅಗಲವೆಷ್ಟಿರಬೇಕು ಎಂಬುದನ್ನು ಊರೂರಿಗೆ ಬೇರೆಬೇರೆಯಾಗಿ ಗೊತ್ತುಮಾಡಿದನು. ಎರೆಯ ಹೊಲಕ್ಕೂ ಮಸಾರಿಯ ಹೊಲಕ್ಕೂ ಒಂದೇ ನೀರು ಸಲ್ಲದೆಂದು ನಮ್ಮ ರೈತ ಬಲ್ಲ. ಆ ತಿಳಿವಳಿಕೆಯನ್ನು ಒಂದು ರಾಜ್ಯದ ನೀರು ಹಂಚಿಕೆಯ ನಿಯಮವಾಗಿ ಮಾಡಿದ್ದು ಸುಯ್ಯನ ಹೆಗ್ಗಳಿಕೆ. ಬಲವಂತನು ಮೊದಲು ನೀರು ಕಟ್ಟಿಕೊಳ್ಳುವುದು ಲೋಕದ ರೂಢಿ. ಇಲ್ಲಿ ಮಣ್ಣು ಕೇಳಿದಷ್ಟು ನೀರು. ಶಿಷ್ಯರ ಗ್ರಹಣಶಕ್ತಿಯನ್ನು ಒಬ್ಬೊಬ್ಬರದಾಗಿ ಅಳೆದು ಪಾಠ ಹೇಳುವ ಉಪಾಧ್ಯಾಯನಿಗಲ್ಲದೆ ಇನ್ನಾರಿಗೆ ಈ ವಿಧಾನ ಹೊಳೆದೀತು?

ಫಲವನ್ನು ಕಲ್ಹಣನು ಮತ್ತೆ ಬೆಲೆಯಲ್ಲಿಯೇ ಹೇಳುತ್ತಾನೆ. ಸುಭಿಕ್ಷದಲ್ಲಿ 200 ದೀನ್ನಾರವಿದ್ದ ಅಕ್ಕಿಯ ಖಾರಿ 36 ದೀನ್ನಾರಕ್ಕೆ ಇಳಿಯಿತು. ಇತಿಹಾಸಕಾರನು ಇಲ್ಲಿ ಕವಿಯಾಗುತ್ತಾನೆ: ನೀರಿನಿಂದ ಭೂಮಿಯನ್ನೆತ್ತುವುದು, ಅದನ್ನು ಯೋಗ್ಯರಿಗೆ ದಾನ ಮಾಡುವುದು, ನೀರಿಗೆ ಕಲ್ಲಿನ ಸೇತುವೆ ಕಟ್ಟುವುದು, ಕಾಳಿಯನನ್ನು ಅಡಗಿಸುವುದು ಇವನ್ನು ವಿಷ್ಣುವು ನಾಲ್ಕು ಅವತಾರಗಳಲ್ಲಿ ಮಾಡಿದರೆ ಸುಯ್ಯನು ಒಂದೇ ಜನ್ಮದಲ್ಲಿ ಮಾಡಿದನೆಂದು ಕೊಂಡಾಡುತ್ತಾನೆ; ಅನ್ನಪತಿಯೇ ಅವನಾಗಿ ಇಳಿದುಬಂದನೆನ್ನುತ್ತಾನೆ. ವಿತಸ್ತೆ ಸರೋವರದಿಂದ ಹೊರಡುವಲ್ಲಿ ಸುಯ್ಯನು ತನ್ನ ಹೆಸರಿನಿಂದ ಒಂದು ಊರನ್ನು ಕಟ್ಟಿದನು. ಸುಯ್ಯಪುರವೇ ಇಂದು ಸೇಬಿಗೆ ಹೆಸರಾದ ಸೋಪೋರ್. ಆ ಸರೋವರದಲ್ಲಿ ಮೀನನ್ನಾಗಲಿ ಹಕ್ಕಿಯನ್ನಾಗಲಿ ಯಾರೂ ಎಂದೆಂದಿಗೂ ಕೊಲ್ಲಬಾರದೆಂದು ಕಟ್ಟಳೆ ಮಾಡಿದನು. ನೀರನ್ನು ಬಸಿದು ನೆಲ ಪಡೆದವನು ನೀರಿನ ಜೀವಗಳ ಪಾಲನ್ನು ಮರೆಯಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖವಾಗಿರುತ್ತಿತ್ತು. 883ರಲ್ಲಿ ಅವಂತಿವರ್ಮನು ಭಗವದ್ಗೀತೆಯನ್ನು ಕೇಳುತ್ತ ಪ್ರಾಣಬಿಟ್ಟನು. ಮಗ ಶಂಕರವರ್ಮನು ದಂಡಯಾತ್ರೆಯ ಖರ್ಚಿಗೆ ಹೊಸ ಹೊಸ ತೆರಿಗೆಗಳನ್ನು ಹೇರಿದನು. ಹಳ್ಳಿಗರನ್ನು ಬಿಟ್ಟಿ ಹಿಡಿದು ಹೊರೆ ಹೊರಿಸಿದನು. ಹೊರಲು ಬಾರದವರಿಗೆ ದಂಡ ಹಾಕಿದನು. ತಂದೆಯ ಕಾಲದಲ್ಲಿ ತಮ್ಮ ಹೊಳೆಗೆ ತಾವಾಗಿ ಇಳಿದವರ ಮಕ್ಕಳು ಮಗನ ಕಾಲದಲ್ಲಿ ಕೊರಳಿಗೆ ಹಗ್ಗ ಹಾಕಿಸಿಕೊಂಡಂತೆ ದುಡಿದರು. ದುಡಿಮೆ ಎರಡೂ ಒಂದೇ. ಒಂದು ನೆಲವನ್ನು ಉಳಿಸಿತು, ಇನ್ನೊಂದು ಜನರನ್ನು ಕೆಡಿಸಿತು. 917ರಲ್ಲಿ ನೆರೆ ಬತ್ತದ ಬೆಳೆಯನ್ನು ಕೊಚ್ಚಿಕೊಂಡು ಹೋಗಿ ಘೋರ ಕ್ಷಾಮ ಬಂದಾಗ ಮಂತ್ರಿಗಳು ತಮ್ಮ ಕಣಜದ ಅಕ್ಕಿಯನ್ನು ಹೆಚ್ಚಿನ ಬೆಲೆಗೆ ಮಾರಿ ಹಣ ಮಾಡಿಕೊಂಡರು. ಅವಂತಿವರ್ಮನು ಸತ್ತು ಇನ್ನೂ 35 ವರ್ಷ ತುಂಬಿರಲಿಲ್ಲ. 1099ರಲ್ಲಿ, ಹರ್ಷನ ಕಾಲದಲ್ಲಿ, ಮತ್ತೆ ನೆರೆ, ಮತ್ತೆ ಕ್ಷಾಮ. ಕಲ್ಹಣನ ತಂದೆ ಚಂಪಕನು ಆ ಹರ್ಷನ ಮಂತ್ರಿ. ಸುಯ್ಯನನ್ನು ಕುರಿತು ಬರೆಯುವಾಗ ಕಲ್ಹಣನ ಬರವಣಿಗೆಯಲ್ಲಿ ಕಾಣುವ ಬಿಸುಪಿಗೆ ಮನೆಯಲ್ಲಿ ಕೇಳಿದ ಈ ದುರಂತವೂ ಒಂದು ಕಾರಣವಿರಬಹುದು.

ಹೊಳೆಯನ್ನು ಒಮ್ಮೆ ತಿದ್ದಿದರೆ ಮುಗಿಯಲಿಲ್ಲ, ವರ್ಷವರ್ಷವೂ ತಿದ್ದಬೇಕು. ಈ ಮಾತನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಗಂಗರ ಕಾಲದಿಂದಲೂ ಕೆರೆ ಕಟ್ಟಿದವರಿಗೆ, ಕೆರೆಯನ್ನು ನೋಡಿಕೊಳ್ಳುವವರಿಗೆ ಬಿತ್ತುವಟ್ಟವೆಂದು ಭೂಮಿ ಬಿಟ್ಟುಕೊಟ್ಟದ್ದನ್ನು ನಮ್ಮ ಶಾಸನಗಳು ಹೇಳುತ್ತವೆ. ಹೂಳು ಸಾಗಿಸುವ ಕೆರೆಯ ಬಂಡಿಗೂ ದತ್ತಿ ಇರುತ್ತಿತ್ತು. ಕಟ್ಟಿದವನ ಕೀರ್ತಿಗೆ ಒಂದು ಕಲ್ಲು ಸಾಕು; ಕಟ್ಟಿದ್ದು ಉಳಿಯುವುದಕ್ಕೆ ಒಂದು ಊರಿನ ಏರ್ಪಾಡು ಬೇಕು. ಆ ಏರ್ಪಾಡು ಎಲ್ಲಿ ಸಡಿಲವಾಯಿತೋ ಅಲ್ಲಿ ಕೆರೆ ಹೂಳಿನ ಬಯಲಾಯಿತು. ವಿತಸ್ತೆಯೂ ಹಾಗೆಯೇ. 1893ರಲ್ಲಿ, 1903ರಲ್ಲಿ, ಈಚೆಗೆ 2014ರ ಸೆಪ್ಟೆಂಬರಿನಲ್ಲಿ ಅದು ಶ್ರೀನಗರವನ್ನು ಮುಳುಗಿಸಿತು. ಬೆಟ್ಟದ ಮಣ್ಣು ಕರಗಿ ಬಂದು ವುಲರ್ ಸರೋವರ ಹೂಳಿನಿಂದ ಕಿರಿದಾಗಿದೆ. ಅದರ ಅಂಗಳದಲ್ಲಿ ಹೋದ ಶತಮಾನದಲ್ಲಿ ನೆಟ್ಟ ವಿಲ್ಲೋ ಮರಗಳು ಹೂಳನ್ನು ಇನ್ನಷ್ಟು ಹಿಡಿದವು. ಇಂದು ಯಂತ್ರವಿದೆ, ಹಣವಿದೆ, ಲೆಕ್ಕವಿದೆ. ಆದರೆ ನೀರಿನ ಬಾಗಿಲು ಎಲ್ಲಿ ಕಟ್ಟಿದೆಯೆಂದು ನೋಡುವ ಕಣ್ಣು, ಒಂದೊಂದು ಊರಿನ ಮಣ್ಣನ್ನೂ ಕೈಯಲ್ಲಿ ಹಿಡಿಯುವ ತಾಳ್ಮೆ, ಊರವರ ಕೈಯಿಂದಲೇ ಕೆಲಸವಾಗಬೇಕೆಂಬ ಅರಿವು ಇವು ಯಂತ್ರದೊಡನೆ ಬರುವ ಸಾಮಗ್ರಿಗಳಲ್ಲ.

ಸುಯ್ಯನ ಸಾವಿನ ಮಾತು ಕಲ್ಹಣನಲ್ಲಿಲ್ಲ. ಅವನ ಬದುಕಿನ ಕೊನೆಯ ಸಂಗತಿಯೆಂದು ನಾನು ನೆನಪಿನಲ್ಲಿಟ್ಟುಕೊಂಡಿರುವುದು ಒಂದು ದಾನವನ್ನು. ನೀರಿನಿಂದ ಎತ್ತಿದ ಒಂದು ಹಳ್ಳಿಯನ್ನು ಅವನು ಸಾಕುತಾಯಿಯ ನೆನಪಿಗಾಗಿ ಬ್ರಾಹ್ಮಣರಿಗೆ ಕೊಟ್ಟು, ಅದಕ್ಕೆ ಸುಯ್ಯಾಕುಂಡಲವೆಂದು ಹೆಸರಿಟ್ಟನು. ಆಕೆಯ ಹೆಸರಿನಲ್ಲಿಯೇ ಸುಯ್ಯಾಸೇತುವನ್ನು ಕಟ್ಟಿಸಿದನು. ತನ್ನ ಕೈ ಸೋಕಿದರೆ ಕೂಸಿಗೆ ಮೈಲಿಗೆಯೆಂದು ಹಿಂಜರಿದ ಆ ಹೆಂಗಸಿನ ಹೆಸರನ್ನು ಹೇಳದೆ ಅಗ್ರಹಾರದವರು ತಮ್ಮ ಊರನ್ನು ಹೇಳಿಕೊಳ್ಳುವಂತಿರಲಿಲ್ಲ. ಆ ಊರಿನ ಅನ್ನವನ್ನು ಅವರು ದಿನವೂ ಉಂಡರು.